ಜಲ್ಲಿಯ ಮೇಲಿನ ಮೊಟ್ಟೆಗಳು

ಅಕ್ಕಾ,

ನಿಂತುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದೆ, ತಪ್ಪುಗಳೂ ಇರುತ್ತವೆ, ಬೈಯದೆ ಓದು. ಇಲ್ಲಿ ಪೇಟೆಯ ಪಕ್ಕದಲ್ಲೇ ಹೊಳೆ. ದಡದಲ್ಲಿ ಜನ ದುರ್ಬೀನು ಹಿಡಿದು ಹಕ್ಕಿ ನೋಡುತ್ತಾರೆ. ಅಲ್ಲಿನ ದಾರಿ ಗುಡಿಸುವುದು ನನ್ನ ಕೆಲಸ. ದಾರಿಗೆ ಹಾಸಿದ ಹೊಸ ಜಲ್ಲಿಯ ಮೇಲೆ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆ ಇಟ್ಟಿದೆ. ಮೊಟ್ಟೆಯೂ ಥೇಟ್ ಜಲ್ಲಿಯ ಹಾಗೇ. ಇವತ್ತು ರೋಲರ್ ಬರುತ್ತದೆಂದು ನಿನ್ನೆ ಪಕ್ಕದಲ್ಲಿ ಕೋಲು ನೆಟ್ಟು, ನೀನು ಕೊಟ್ಟ ಕೆಂಪು ಕರವಸ್ತ್ರ ಕಟ್ಟಿದೆ. ಅದು ಪಟಪಟ ಅಂದದ್ದಕ್ಕೆ ಹೆದರಿದ ಹಕ್ಕಿ ಹತ್ತಿರವೇ ಬರಲಿಲ್ಲ, ಸುತ್ತ ಅರಚುತ್ತಾ ಓಡಾಡಿತು. ಮೊಟ್ಟೆಗಳು ಬಿಸಿಲಲ್ಲಿ ಕಾದವು. ಬಟ್ಟೆ ಬಿಚ್ಚಿದರೆ ರೋಲರ್‌ನವನಿಗೆ ಗೊತ್ತಾಗುವುದಿಲ್ಲ, ಬಿಟ್ಟರೆ ಹಕ್ಕಿ ಕೂರುವುದಿಲ್ಲ. ಮೇಸ್ತ್ರಿಯನ್ನು ಕೇಳಿದರೆ, "ಹಕ್ಕಿಗೆ ಬಾಣಂತನ ಮಾಡೋಕೆ ಬಂದಿದ್ದೀಯೇನಮ್ಮಾ? ಹೋಗು, ಗುಡಿಸು" ಎಂದು ನಕ್ಕರು. ಪೊರಕೆ ಎತ್ತಿಕೊಂಡು ಬಂದೆ.

ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು. ರೋಲರ್ ಸದ್ದು ಹತ್ತಿರವಾಗುತ್ತಿದೆ, ಕಾರ್ಡಿನಲ್ಲಿ ಜಾಗವೂ ಇಲ್ಲ. ಬೆಳಿಗ್ಗೆ ಆ ಬಟ್ಟೆ ಬಿಚ್ಚಿ ನನ್ನ ಪೊರಕೆಗೆ ಕಟ್ಟಿಕೊಂಡು, ದೂರದ ತಿರುವಿನಲ್ಲಿ ದಾರಿಗೆ ಅಡ್ಡ ನಿಂತೆ, ಈಗಲೂ ಅಲ್ಲೇ ನಿಂತಿದ್ದೇನೆ. ಹಕ್ಕಿ ಮೆಲ್ಲಗೆ ನಡೆದು ಬಂದು ಮೊಟ್ಟೆಯ ಮೇಲೆ ಕೂತಿತು.

ನಿನ್ನ ತಂಗಿ