ಚೀಟಿಯಿಲ್ಲದ ಬಿಳಿ ಡಬ್ಬಿ

ಮೆಕ್ನೆಸ್, ಮೊರಾಕೊ, ಗುರುವಾರ ಸಂಜೆ

ಲಲ್ಲಾ ಝಹೂರ್ ಅವರಿಗೆ,

ನಿಮ್ಮ ಪಾರ್ಲರ್ ಬಾಗಿಲು ಹಾಕಿ ಬರೆಯುತ್ತಿದ್ದೇನೆ. ನೀವು ಊರಿನಿಂದ ಬರುವ ಮೊದಲೇ ತಿಳಿಸಿಬಿಡೋಣ ಅನ್ನಿಸಿತು.

ಇವತ್ತು ಐದು ಜನ ಬಂದಿದ್ದರು. ಕಾಲೇಜಿನ ಹುಡುಗಿಯೊಬ್ಬಳಿಗೆ ಮೊಡವೆ. ಆವಿ ಕೊಟ್ಟು ಕಳಿಸಿದೆ. ಉಳಿದ ನಾಲ್ವರೂ ಕೆನ್ನೆಯ ಕಪ್ಪು ಕಲೆಗೆ, ಬಂಗಿಗೆಂದು ಬರುವವರು. ನಾಲ್ವರ ಕೆನ್ನೆಯೂ ಸುಟ್ಟ ಹಾಗೆ ಕೆಂಪಾಗಿದೆ, ಚರ್ಮ ಈರುಳ್ಳಿ ಪೊರೆಯಷ್ಟು ತೆಳುವಾಗಿದೆ. ಮನೆಯಲ್ಲಿ ಏನು ಹಚ್ಚಿಕೊಂಡಿರಿ ಎಂದು ಕೇಳಿದರೆ, ಅವರಲ್ಲೊಬ್ಬಳು, ಬಟ್ಟೆ ಹೊಲಿಯುವ ಹದ್ದಾ, ನನ್ನನ್ನೇ ದುರುಗುಟ್ಟಿ ನೋಡಿದಳು.

"ನೀನು ಹಚ್ಚಿದ್ದೇ ಕಣೆ. ಮರೆತುಹೋಯ್ತಾ?"

ನಾನು ಹಚ್ಚಿದ್ದು ನೀವು ಕೊಟ್ಟ ಬಿಳಿ ಡಬ್ಬಿಯ ಕ್ರೀಮು. ಅದರ ಮೇಲೆ ಚೀಟಿಯಿಲ್ಲ. ಯಾರು ಮಾಡುತ್ತಾರೆ ಎಂದು ಹೋದ ತಿಂಗಳು ಕೇಳಿದ್ದೆ. "ಗೊತ್ತಿರೋರು" ಅಂದವರೇ, ಚಹಾಕ್ಕೆ ಪುದೀನ ಸಾಲದು ಎಂದು ಮಾತು ತಿರುಗಿಸಿದಿರಿ. ನಾನೂ ಸುಮ್ಮನಾದೆ. ಆ ತಪ್ಪು ನನ್ನದು.

ನಿಮ್ಮ ಮಗಳು ಇಬ್ತಿಹಾಲಳ ಮದುವೆಯ ಗೋರಂಟಿಯ ದಿನ ಅವಳ ಮುಖ ನೋಡಿಕೊಂಡವಳೂ ನಾನೇ. ಅವಳಿಗೂ ಬಂಗಿತ್ತು. ಡಬ್ಬಿ ತೆರೆಯಲು ಹೋದಾಗ ನೀವು ನನ್ನ ಕೈ ತಡೆದು, "ಅವಳಿಗೆ ಬೇಡ. ಮುಖಕ್ಕೆ ಹಚ್ಚೋ ನಮ್ಮ ಮಣ್ಣು, ಗುಲಾಬಿ ನೀರು ಸಾಕು" ಅಂದಿರಿ. ಮದುಮಗಳಿಗೆ ಹಳೇ ಪದ್ಧತಿಯೇ ಇರಲಿ ಅಂತೀರೇನೋ ಅಂದುಕೊಂಡೆ.

ಶನಿವಾರ ರೊಟ್ಟಿ ಒಲೆ ನಡೆಸುವ ಮುಬಾರಕ್ ಅವರ ಮಗಳು ಬರುತ್ತಾಳೆ. ಅವಳೂ ಮದುಮಗಳು. ಅವಳಿಗೂ ಹಳೇ ಪದ್ಧತಿಯನ್ನೇ ಮಾಡುತ್ತೇನೆ.

ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ನೀವು ಬಂದು ಮೊದಲು ನಿಮ್ಮ ಕೆನ್ನೆಗೆ ಹಚ್ಚಿಕೊಳ್ಳುವುದಾದರೆ ಬೀಗದ ಕೈ ಕೊಡುತ್ತೇನೆ.

ಹನ್ನೊಂದು ವರ್ಷ ನಿಮ್ಮ ಮಾತು ನಂಬಿದ,
ರಖಿಯಾ