ಕೋಚ್ ಹ್ಯಾಸ್ಕೆಲ್ ಅವರ ಕೊನೆಯ ಪಂದ್ಯ

ಆಲ್ಡರ್‌ಫೋರ್ಡ್, ನ್ಯೂಯಾರ್ಕ್
ಜೂನ್ ೯

ಪ್ರೀತಿಯ ಬ್ರೈಡಿ,

ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ್ದನ್ನು ನೀನು ಕೇಳಿರುವುದಿಲ್ಲ, ಗೊತ್ತು. ಕಾಗದ ತಡವಾಯಿತು, ಬೈಯಬೇಡ. ಫೋನು ಮಾಡಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕಿ ನನ್ನ ಕಥೆಯನ್ನೆಲ್ಲ ಕೆಡಿಸುತ್ತೀಯ.

ಕೋಚ್ ಅವರ ಬೀಳ್ಕೊಡುಗೆ ಊಟ ಹೋದ ಶನಿವಾರ ಕಾಲೇಜಿನಲ್ಲಿ ನಡೆಯಿತು. ಸುಟ್ಟ ಕೋಳಿ, ಉಪ್ಪುನೀರಲ್ಲಿ ಬೆಂದ ಆಲೂಗಡ್ಡೆ, ಮೇಲೆ ಬೆಣ್ಣೆಯ ಹೊಳೆ. ನಮ್ಮ ಜೊತೆ ಲಕ್ರಾಸ್ ಆಡಿದವರಲ್ಲಿ ಕೆಲವರು ಮೊಮ್ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಅವರಲ್ಲೊಬ್ಬಳಾದ ಟೆಸ್ ಮೈಕು ಹಿಡಿದು, "ತಂಡಕ್ಕೆ ಸೇರಿಸ್ಕೊಳ್ಳೋವಾಗ ಕೋಚ್ ನನ್ನ ಕೇಳಿದ್ದು ಒಂದೇ: ನಿಂಗೆ ಹಿಮ ಎತ್ತೋಕೆ ಬರುತ್ತಾ?" ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಫೆಬ್ರವರಿಯಲ್ಲಿ ಸಲಿಕೆ ಹಿಡಿದು ಮೈದಾನದ ಹಿಮ ಎತ್ತುವ ಪದ್ಧತಿ ಈಗಲೂ ಇದೆ. ಮಿಷಿನ್ ತರಿಸುತ್ತೇವೆ ಎಂದ ಕಾಲೇಜಿನವರಿಗೆ ಕೋಚ್, "ಆಗ ಹುಡುಗೀರು ನಿದ್ದೆ ಮಾಡ್ತಾರೆ ಅಷ್ಟೇ" ಎಂದಿದ್ದರು. ಮೊದಲ ಸಲಿಕೆ ಎಂದಿಗೂ ಅವರದೇ. ಗೋಡೆ ತುಂಬ ಟ್ರೋಫಿಗಳಿದ್ದರೂ ಅವರ ಬಗ್ಗೆ ಎಲ್ಲರೂ ಹೇಳುವುದು ಆ ಸಲಿಕೆಯ ಮಾತು.

ಮುಂದಿನ ಕೋಚ್ ಯಾರು ಎಂದು ಕೇಳಿದ್ದೀಯ. ಸಹಾಯಕಿಯಾಗಿ ಅವರ ಕೈಕೆಳಗೆ ಕೂದಲು ನರೆಸಿಕೊಂಡವಳು ನಾನು. ಆ ಜಾಗ ನನಗೆ ಸಿಗಲಿ ಎಂಬ ಆಸೆಯಿಲ್ಲ ಎಂದರೆ ನೀನೇ ನಗುತ್ತೀಯ. ಆ ಮಾತು ಆಮೇಲೆ, ಮೊದಲು ಈ ಸಲದ ಸೆಮಿಫೈನಲ್ ಕಥೆ ಕೇಳು.

ಧೋ ಎಂದು ಮಳೆ. ಪ್ರತಿ ಪಂದ್ಯಕ್ಕೂ ಮೊದಲು ಹುಡುಗಿಯರ ಲಕ್ರಾಸ್ ಕೋಲುಗಳ ತುದಿಯ ಜಾಳಿಗೆಯಲ್ಲಿ, ಚೆಂಡು ಹಿಡಿದು ಎಸೆಯುವ ಆ ಬಲೆಯಲ್ಲಿ, ಚೆಂಡಿಟ್ಟು ನೋಡುವ ಕೆಲಸ ನನ್ನದು. ಕಣ್ಣಿನ ನೇರಕ್ಕೆ ಹಿಡಿದಾಗ ಚೆಂಡಿನ ನೆತ್ತಿ ಅಂಚಿನ ಮೇಲೆ ಕಾಣಬೇಕು, ಇಲ್ಲವಾದರೆ ನಿಯಮದ ಪ್ರಕಾರ ಕೋಲು ತಪ್ಪು. ಆವತ್ತು ಎಲ್ಲವೂ ಸರಿಯಿದ್ದವು. ಆದರೆ ಮಳೆಗೆ ದಾರ ಸಡಿಲವಾಗುತ್ತದಲ್ಲ? ವಿರಾಮದಲ್ಲಿ ನಮ್ಮ ತಂಡದ ಹುಡುಗಿ ಟಿಯರ್ನಿಯ ಕೋಲು ನೋಡಿ, "ಕೋಚ್, ಟಿಯರ್ನಿ ಜಾಳಿಗೆ ಜೋತುಬಿದ್ದಿದೆ, ಬಿಗಿ ಮಾಡ್ಲಾ?" ಎಂದೆ.

"ಬೇಡ ಪೆಗ್. ಈಗ ಬಿಗಿ ಮಾಡಿದ್ರೆ ಅವಳ ಕೈಗೆ ಹತ್ತಲ್ಲ."

"ಸರಿ ಕೋಚ್" ಎಂದೆ.

ಕೊನೆಯ ನಿಮಿಷದಲ್ಲಿ ಸಮ ಮಾಡುವ ಗೋಲು ಹೊಡೆದದ್ದು ಟಿಯರ್ನಿಯೇ. ನಾವು ಕುಣಿದಾಡುತ್ತಿದ್ದೆವು. ಎದುರಾಳಿ ಕೋಚ್ ಕೈ ಎತ್ತಿ, ಕೋಲು ಪರೀಕ್ಷಿಸಿ ಎಂದಳು. ರೆಫರಿ ಚೆಂಡಿಟ್ಟು ಕಣ್ಣಿನ ನೇರಕ್ಕೆ ಹಿಡಿದಳು. ಚೆಂಡು ಅಂಚಿನ ಕೆಳಗೆ ಮುಳುಗಿಹೋಗಿತ್ತು. ಗೋಲು ರದ್ದು. ನಾವು ಸೋತೆವು, ಕೋಚ್ ಅವರ ಆಟದ ಬದುಕೂ ಅಲ್ಲಿಗೇ ಮುಗಿಯಿತು.

ಟಿಯರ್ನಿ ಕೆಸರಿನಲ್ಲೇ ಕುಸಿದು ಕೂತಳು. "ಕೋಲು ನೋಡ್ಕೊಳ್ಳೋಕೂ ಬರಲ್ವಾ ಇವ್ರಿಗೆ!" ಎಂದು ಯಾರೋ ಹುಡುಗಿಯ ಅಪ್ಪ ನನ್ನತ್ತ ಕೂಗಿದ. ಪತ್ರಿಕೆಯವರು ಮುತ್ತಿದಾಗ ಕೋಚ್ ಮಳೆಯಲ್ಲೇ ನಿಂತು, "ಪೆಗ್ ನೋಡಿ ಹೇಳಿದ್ದಳು. ಬೇಡ ಅಂದೋಳು ನಾನು. ಬರ್ಕೊಳ್ಳಿ, ಹೆಸರಿನ ಸಮೇತ" ಎಂದರು. ಹೆಮ್ಮೆಯಿಂದ ನನಗೆ ಅಳು ಬಂತು, ಬ್ರೈಡಿ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೋಚ್ ಟಿಯರ್ನಿಯ ಪಕ್ಕ ಕೂತು ಆ ಜಾಳಿಗೆಯ ದಾರ ಬಿಚ್ಚಿ ಮತ್ತೆ ಹೆಣೆದರು. "ಮುಂದಿನ ವರ್ಷಕ್ಕೆ ಬೇಕಲ್ವೇನೇ?" ಎಂದರು. ಮುಂದಿನ ವರ್ಷ ತಾವಿರುವುದಿಲ್ಲ ಎಂಬುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಅಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ.

ದೇವರು ನಿನ್ನ ಮಂಡಿಗೆ ಬಲ ಕೊಡಲಿ, ನಾಲಿಗೆಗೆ ಸ್ವಲ್ಪ ವಿಶ್ರಾಂತಿ ಕೊಡಲಿ. ಮನೆಯವರೆಲ್ಲ ಚೆನ್ನಾಗಿರಿ.

ನಿನ್ನ
ಪೆಗ್

ತಾ.ಕ.: ಆಮೇಲೆ ಹೇಳುತ್ತೇನೆಂದ ಮಾತು ಹೇಳದೆಯೇ ಲಕೋಟೆ ಅಂಟಿಸಲು ಹೊರಟಿದ್ದೆ. ಮುಂದಿನ ಕೋಚ್ ಯಾರಾಗಬೇಕೆಂದು ಕಾಲೇಜಿನವರು ಕೋಚ್ ಹ್ಯಾಸ್ಕೆಲ್ ಅವರನ್ನೇ ಕೇಳಿದರು. ಅವರು ಜೊನೆಲ್ ಹೆಸರು ಹೇಳಿದ್ದಾರೆ. ನಮ್ಮಲ್ಲೇ ಗೋಲ್‌ಕೀಪರ್ ಆಗಿದ್ದು, ಕೋಚ್ ಜೊತೆ ದಿನಾ ಜಗಳಾಡುತ್ತಿದ್ದ ಹುಡುಗಿ. ಬೇರೆಯವರ ಬಾಯಿಂದ ನನಗೆ ತಿಳಿಯಬಾರದೆಂದು ತಾವೇ ಮನೆಗೆ ಬಂದು ಹೇಳಿದರು. ಯಾಕೆ ಎಂದು ಕೇಳಿದೆ. "ಪೆಗ್, ಇಷ್ಟು ವರ್ಷದಲ್ಲಿ ಒಂದ್ ಸಲನಾದ್ರೂ ನಂಗೆ 'ಆಗಲ್ಲ' ಅಂದಿದ್ದೀಯಾ?" ಎಂದರು. ಅವರ ಕಣ್ಣೂ ತುಂಬಿತ್ತು. ನನ್ನ ಬಾಯಿ ತುಂಬ ಮಾತಿತ್ತು ಕಣೇ. ಆದರೆ "ಸರಿ ಕೋಚ್" ಎಂದುಬಿಟ್ಟೆ.