ಲಂಡನ್ನಿನಲ್ಲಿ ಒಂದು ದಿನ

ಮಿತಬೋನಿ, ಮಚಾಕೋಸ್
೬ ಜೂನ್ ೧೯೬೪

ಪ್ರೀತಿಯ ಕಲೊಂಡುವಿನ ಅಪ್ಪನಿಗೆ,

ಹೇಗಿದ್ದೀರಿ? ಓಹಾಯೊದ ಚಳಿಗೆ ಹಿಡಿದ ಕೆಮ್ಮು ಪೂರ್ತಿ ಬಿಟ್ಟಿತೇ? ಪರೀಕ್ಷೆಯ ನೆಪದಲ್ಲಿ ಊಟ ಬಿಡಬೇಡಿ. ನಾವೆಲ್ಲ ಚೆನ್ನಾಗಿದ್ದೇವೆ. ಈ ಸಲ ಮಳೆ ಸರಿಯಾಗಿ ಬಂದು ಅಲಸಂದೆ ಮನೆತುಂಬ ಇದೆ. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ನಿಮ್ಮ ಮಗಳ ಸುದ್ದಿ ಕೇಳಿ. ನೀವು ಹೋದ ಮೇಲೆ ಹುಟ್ಟಿದವಳಿಗೆ ಅಪ್ಪ ಎಂದರೆ ಗೋಡೆಯ ಮೇಲಿನ ಫೋಟೊ. ಬಸ್ಸಿನಿಂದ ಕೋಟು ಹಾಕಿದವರು ಯಾರೇ ಇಳಿಯಲಿ, ಓಡಿಹೋಗಿ "ನೀವು ಅಮೆರಿಕಾದವ್ರಾ?" ಎನ್ನುತ್ತಾಳೆ. ಹೋದ ವಾರ ಜೋಳದ ವ್ಯಾಪಾರಿಯೊಬ್ಬ ತಮಾಷೆಗೆ "ಹೂಂ ಕಂದ, ಈಗ ತಾನೇ ಬಂದೆ" ಎಂದುಬಿಟ್ಟ. ಅವನ ಕೈಹಿಡಿದು ಮನೆಗೇ ಕರೆತಂದಳು. ಅತ್ತೆ ನಕ್ಕೂ ನಕ್ಕೂ ಸುಸ್ತಾಗಿ ಅವನಿಗೆ ಊಟ ಹಾಕಿ ಕಳಿಸಿದರು. ನಾನೂ ನಕ್ಕೆ. ಆಮೇಲೆ ಕಣಜದ ಹಿಂದೆ ಹೋಗಿ ಅತ್ತುಬಿಟ್ಟೆ. ನಿಮಗೆ ಹೇಳದೆ ಯಾರಿಗೆ ಹೇಳಲಿ, ನಿಮ್ಮ ಧ್ವನಿ ನನಗೆ ಮರೆತುಹೋಗುತ್ತಿದೆ. ನಗು ನೆನಪಿದೆ, ಮಾತು ನೆನಪಾಗುವುದಿಲ್ಲ. ನಿಮ್ಮ ಪತ್ರ ಓದುವಾಗ ನನ್ನದೇ ಧ್ವನಿ ಕೇಳಿಸುತ್ತದೆ.

ಇನ್ನೊಂದು ವಿಷಯ. ನಮ್ಮ ಶಾಲೆಯ ಹೆಡ್‌ಮಾಸ್ಟರು ನನ್ನ ಹೆಸರನ್ನು ಅಮೆರಿಕದ ಶಿಕ್ಷಕರ ವಿದ್ಯಾರ್ಥಿವೇತನಕ್ಕೆ ಕಳಿಸಿದ್ದರು. ನನ್ನನ್ನು ಯಾರು ಕರೆಯುತ್ತಾರೆ ಎಂದುಕೊಂಡು ನಿಮಗೆ ಬರೆದಿರಲಿಲ್ಲ. ಏಪ್ರಿಲ್‌ನಲ್ಲಿ ಸಂದರ್ಶನಕ್ಕೆ ಮಚಾಕೋಸ್ ಪೇಟೆಗೆ ಬರಹೇಳಿದರು. ಹಿಂದಿನ ದಿನವೆಲ್ಲ ಅತ್ತೆಯದು ಒಂದೇ ರಾಗ: "ಒಬ್ಬ ಹೋಗಿ ನಾಲ್ಕು ವರ್ಷ ಆಯ್ತು. ನೀನೂ ಹೋದ್ರೆ ನಾನ್ಯಾರ ಜೊತೆ ಜಗಳ ಆಡ್ಲಿ, ಗೋಡೆ ಮೇಲಿನ ಫೋಟೊ ಜೊತೆನಾ?" ಆದರೆ ಬೆಳಿಗ್ಗೆ ನನಗಿಂತ ಮೊದಲೇ ಎದ್ದಿದ್ದರು. ಕೆಸರಾಗುತ್ತದೆಂದು ನನ್ನ ಬೂಟುಗಳನ್ನು ತಮ್ಮ ಕತ್ತಾಳೆ ಬುಟ್ಟಿಯಲ್ಲಿಟ್ಟುಕೊಂಡು, ಕುಂಟುತ್ತಾ ಬಸ್ಸಿನವರೆಗೂ ಬಂದರು. "ನೆಟ್ಟಗೆ ಮಾತಾಡು. ಬಿಳಿಯರ ಮುಂದೆ ತಲೆ ಬಗ್ಗಿಸ್ಬೇಡ" ಎಂದರು.

ಅಲ್ಲಿ ಕನ್ನಡಕದ ಹೆಂಗಸೊಬ್ಬರು, ಮಗುವನ್ನು ಬಿಟ್ಟು ಯಾಕೆ ಹೋಗಬೇಕು ಎಂದು ಕೇಳಿದರು. "ಒಂದನೇ ಕ್ಲಾಸಲ್ಲಿ ತೊಂಬತ್ತೆರಡು ಮಕ್ಕಳಿದಾರೆ ಮೇಡಂ. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಕಟ್ಟುತ್ತೆ, ಹಿಂದಿನ ಸಾಲಿಗೆ ಅಕ್ಷರವೂ ಮುಟ್ಟಲ್ಲ. ಬೇರೆ ಕಡೆ ಹೇಗೆ ಮುಟ್ಟಿಸ್ತಾರೆ ಅಂತ ನೋಡ್ಬೇಕು" ಎಂದೆ. ಅವರು ಬರೆದುಕೊಂಡರು. ನಿಮ್ಮ ಹತ್ತಿರ ಇರಲು ಹೊರಟಿದ್ದೇನೆ ಎಂದು ಭಾವಿಸಿದರೋ ಏನೋ, ಅವರಾಗಿ ಕೇಳಲಿಲ್ಲ.

ಅತ್ತೆಯ ಆಶೀರ್ವಾದ. ಕಲೊಂಡು ಈ ಹಾಳೆಯನ್ನು ಕೆನ್ನೆಗೆ ಒತ್ತಿಕೊಂಡು ಕೊಟ್ಟಿದ್ದಾಳೆ, ಮೂಲೆಯ ಎಣ್ಣೆಯ ಗುರುತು ಅವಳದ್ದೇ. ದೇವರು ನಿಮ್ಮನ್ನು ಕಾಯಲಿ.

ನಿಮ್ಮ
ಸ್ಯೊಂಬುವಾ

ತಾ.ಕ.: ಮುಖ್ಯ ವಿಷಯ ಮರೆತಿಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡಿದ್ದೆ. ನಾನು ಆಯ್ಕೆಯಾಗಿದ್ದೇನೆ. ಮಿನೆಸೋಟ, ಎರಡು ವರ್ಷ. ಸಹಿ ಹಾಕಿಬಿಟ್ಟೆ. ನಮ್ಮ ಶಿಕ್ಷಕರ ತಂಡದ ವಿಮಾನ ಆಗಸ್ಟ್ ಹದಿನೇಳಕ್ಕೆ. ನೀವು ಓದು ಮುಗಿಸಿ ಅಲ್ಲಿಂದ ಊರಿಗೆ ಹೊರಡುವುದು ಇಪ್ಪತ್ತಕ್ಕೆ. ಹದಿನೆಂಟರಂದು ಇಡೀ ದಿನ ನಮ್ಮನ್ನು ಲಂಡನ್ನಿನಲ್ಲಿ ನಿಲ್ಲಿಸುತ್ತಾರಂತೆ, ನೀವೂ ಅದೇ ದಾರಿಯಲ್ಲಿ ಬರುವವರು. ಮೂರು ದಿನ ಮೊದಲು ಹೊರಡಲು ಆಗುತ್ತದೆಯೇ, ಕೇಳಿ ನೋಡಿ. ಒಂದು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತರೆ ಸಾಕು. ಹೋಗಬೇಡ ಎಂದು ಮಾತ್ರ ಬರೆಯಬೇಡಿ. ನೀವು ಬರೆದರೆ ನಾನು ಇಲ್ಲೇ ನಿಂತುಬಿಡುತ್ತೇನೆ.